ಗಿರಾಕಿ ಡಬ್ಬಿಯ ಕೆಂಪು

ಫೆಬ್ರವರಿ 5, 2018, ಸೋಮವಾರ. ರಾತ್ರಿ 2.40

ಕಟ ಕಟ ಸದ್ದು. ಎಚ್ಚರ. ಇಲಿ ಅಂದುಕೊಂಡೆ. ಅಲ್ಲ — ಪಂಪಾ. ಹಾಸಿಗೆಯಿಂದ ಉರುಳಿ ಹೋಗಿ, ಗೋಡೆಗೆ ಒರಗಿಸಿಟ್ಟ ಗಾಡಿಯ ಹಿಡಿಕೆ ಕಡಿಯುತ್ತಾ ಕೂತಿದ್ದಾಳೆ. ಹತ್ತು ತಿಂಗಳು. ಕೆಳಗೆ ಎರಡು ಹಲ್ಲು. ಸಿಕ್ಕಿದ್ದೆಲ್ಲ ಬಾಯಿಗೆ. ಅವಳಪ್ಪನಿಗೆ ಏನೂ ಕೇಳಿಸುವುದಿಲ್ಲ. ಪ್ರವೀಣ ಹಗಲೆಲ್ಲ ಶೆಡ್ಡಿನಲ್ಲಿ ಕಟ್ಟಿಗೆ ಕೊಯ್ಯುವ ಮಶೀನಿನ ಮುಂದೆ ನಿಂತಿರುತ್ತಾರೆ. ಮಲಗಿದರೆ ಮುಗಿಯಿತು.

ಬಾಯಿ ಒರೆಸಿದೆ. ಸೆರಗಿಗೆ ಚೂರು ಕೆಂಪು ಹತ್ತಿತು.

ಕೂಸು ಹಿಡಿದು ನಡೆಯುವ ಮೂರು ಗಾಲಿಯ ಗಾಡಿ ಇದು. ಮಾವ ಮೊಮ್ಮಗಳಿಗೆಂದೇ ಮಾಡಿದ್ದು. ಕುಷ್ಟಗಿಯಲ್ಲಿ ತೊಟ್ಟಿಲು, ಗಾಡಿ ಅಂದರೆ ನಮ್ಮ ಮಾವ, ಬಡಿಗೇರ ಹೇಮಪ್ಪ. ಕೆಲಸ ಛಲೋ. ಬಣ್ಣ ಮಾತ್ರ ಹಳೆ ಇಟ್ಟಂಗಿಯಂಥ ಮಂಕು ಕೆಂಪು. ಶೆಡ್ಡಿನಲ್ಲಿ ಬೆಂಗಳೂರಿನ ಆರ್ಡರಿನ ನಲವತ್ತು ಗಾಡಿ ಫಳಫಳ ಹೊಳೆಯುತ್ತಿವೆ. ನಮ್ಮವಳಿಗೆ ಅದೇ ಡಬ್ಬಿಯ ಬಣ್ಣಕ್ಕೆ ಟರ್ಪೆಂಟೈನ್ ಸುರಿದು ತೆಳ್ಳಗೆ ಹಚ್ಚಿರಬೇಕು. ಉಳಿತಾಯ! ಕೇಳಿದ್ದಕ್ಕೆ, "ಅಡ್ಡಾಡಾಕ ಗಾಲಿ ಬೇಕವ್ವಾ, ಬಣ್ಣ ಅಲ್ಲ."

ಭವಾನಿಯ ಮಗನಿಗೆ ಹಾಗಾಗಬಾರದು. ಒಬ್ಬಳೇ ತಂಗಿ. ಮಾವ ಸಂತೆಗೆ ಹೋದಾಗ ಹಮೀದಾಬಿಗೆ ಹೇಳಿ, ಶೆಡ್ಡಿನಲ್ಲಿ ಹೆಚ್ಚಿಗೆ ಉಳಿದ ಗಾಡಿಗೆ ಹೊಳೆಯುವ ಕೆಂಪನ್ನೇ ಎರಡು ಕೈ ಹೊಡೆಸಿದೆ. ಹದಿನೈದು ವರ್ಷದಿಂದ ಇಲ್ಲೇ ಬಣ್ಣ ಹಚ್ಚುವಾಕೆ, ಬಾಯಿ ಸುಮ್ಮನಿರುವುದಿಲ್ಲ. "ತಂಗಿ ಮನಿಗೆ ಮಿಂಚು, ಮಗಳಿಗೆ ಮಣ್ಣು. ಭಾರಿ ಅದೀ ಬಿಡವ್ವಾ!" ಶನಿವಾರ ಗೋಣಿಚೀಲದಲ್ಲಿ ಕಟ್ಟಿ ಯಲಬುರ್ಗಾ ಬಸ್ಸಿಗೆ ಹಾಕಿಸಿದೆ. ಅವನಿಗಿನ್ನೂ ಏಳು ತಿಂಗಳು. ನಿಲ್ಲಲು ಹೊತ್ತಿದೆ. ಇರಲಿ.

ಫೆ. 7, ಬುಧವಾರ. ರಾತ್ರಿ 11.20

ಅಕ್ಷರ ಸೊಟ್ಟ.

ಮಧ್ಯಾಹ್ನ ನನ್ನ ಮೊಬೈಲಿಗೆ ಲ್ಯಾಬ್ ರಿಪೋರ್ಟ್ ಬಂತು. ಬೆಂಗಳೂರಿನ ಅಂಗಡಿಯವರು ನಮ್ಮ ಗಾಡಿಗಳನ್ನು ಹೊರದೇಶಕ್ಕೆ ಕಳಿಸುವವರು, ಮೂರೂ ಬಣ್ಣ ಹಚ್ಚಿದ ಕಟ್ಟಿಗೆ ಚೂರು ಟೆಸ್ಟಿಗೆ ಒಯ್ದಿದ್ದರು. ಹಳದಿ ಪಾಸ್. ನೀಲಿ ಪಾಸ್. ಕೆಂಪು — ಹತ್ತು ಲಕ್ಷ ಪಾಲಿನಲ್ಲಿ ಸೀಸ 11,800. ಇರಬೇಕಾದದ್ದು 90ರ ಒಳಗೆ.

ಸೀಸ. ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ್ದೆ. ಪರಮಾಣು ಸಂಖ್ಯೆ ಎಂಬತ್ತೆರಡು, Pb. ಮಾರ್ಕ್ಸಿಗೆ ಓದಿದ್ದು ಹೀಗೆ ಬಾಗಿಲಿಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು.

ಅಂಗಡಿಯ ಮೇಡಂಗೆ ಫೋನ್ ಮಾಡಿದೆ. ಬೈಯಲಿಲ್ಲ. "ಇದು ನಮ್ಮ ಅಂಗಡಿ ರೂಲ್ ಅಲ್ಲಮ್ಮ. ವಿಶ್ವಸಂಸ್ಥೆಯವರು ಎಲ್ಲ ದೇಶಕ್ಕೂ ಹೇಳ್ತಿದಾರೆ, ಬಣ್ಣದಲ್ಲಿ ಸೀಸ ಬೇಡ ಅಂತ. ನಮ್ಮಲ್ಲೂ ಹೋದ ನವೆಂಬರಿಂದ ಕಾನೂನು ಬಂದಿದೆ. ನಿಮಗೆ ಯಾರೋ ಹಳೇ ಸ್ಟಾಕ್ ಕೊಟ್ಟಿದಾರೆ. ಹೊಸ ಡಬ್ಬಿ ಮೇಲೆ ಬರೆದಿರುತ್ತೆ ನೋಡಿ. ಆರ್ಡರ್ ಹೋಗಲ್ಲ, ಹೆದರಬೇಡಿ. ಆ ಗಾಡಿಗಳನ್ನ ಮುಚ್ಚಿ ಬೇರೆ ಇಡಿ. ಉಜ್ಜೋಕೆ ಹೋಗಬೇಡಿ, ಆ ಧೂಳು ಇನ್ನೂ ಕೆಟ್ಟದ್ದು."

ಆಮೇಲೆ ಕೇಳಿದರು — "ಮನೇಲಿ ಸಣ್ಣ ಮಕ್ಕಳಿದಾರಾ?"

ಒಳಗೆ ಓಡಿದೆ. ಪಂಪಾ ಹಿಡಿಕೆ ಹಿಡಿದು ನಿಂತಿದ್ದಳು, ಜೊಲ್ಲು ಸುರಿಸುತ್ತಾ. ನನ್ನ ನೋಡಿ ನಕ್ಕಳು. ಗಾಡಿ ಕಸಿದು ಅಟ್ಟದ ಮೇಲೆ ಒಗೆದೆ. ಅತ್ತು ಅತ್ತು ಕೆಂಪಾದಳು. "ಯಾಕ, ಏನಾತು ಗಾಡಿಗೆ?" ಅಂತ ಅತ್ತೆ ಕೇಳಿದರು. ಗಾಲಿ ಸಡಿಲಾಗಿದೆ ಅಂದೆ.

ಪ್ರವೀಣನಿಗೆ ಮಾತ್ರ ಹೇಳಿದೆ. ರಿಪೋರ್ಟ್ ಎರಡು ಸಲ ಓದಿದರು. "ಅಪ್ಪಗ ಹೇಳಬ್ಯಾಡ. ನನ್ನ ಕೈಯಾರೆ ಮೊಮ್ಮಗಳಿಗೆ ವಿಷಾ ಹಾಕೀನಿ ಅಂತ ಎದಿ ಒಡಕೋತಾನ. ಮದಲ ರಕ್ತ ತೋರಸೂಣು. ಸ್ಯಾಂಪಲ್ ಪಾಸ್ ಆಗಿಲ್ಲ, ಬ್ಯಾರೆ ಬಣ್ಣ ಬೇಕಂತ, ಇಷ್ಟ ಹೇಳ್ತೀನಿ."

ಫೆ. 8, ಗುರುವಾರ

ಕೊಪ್ಪಳಕ್ಕೆ ಹೋಗಿ ಬಂದೆವು. ಮಕ್ಕಳ ಡಾಕ್ಟರು ಪಂಪಾಳ ಕಣ್ಣು, ನಾಲಿಗೆ, ಹೊಟ್ಟೆ ನೋಡಿದರು. ಅವಳು ಅವರ ಪೆನ್ನು ಕಸಿದುಕೊಂಡಳು.

"ಆಡಾಕತ್ಯಾಳ, ಉಣ್ಣಾಕತ್ಯಾಳ. ಆದ್ರ ಇದು ನೋಡಿದ ಕೂಡಲೆ ಗೊತ್ತಾಗೂದಲ್ಲ ನೋಡ್ರಿ. ರಕ್ತ ಕಳಸೂಣು. ಮದಲನೇ ಔಷಧ ಅಂದ್ರ, ಬಾಯಿಗೆ ಹೋಗೂದು ನಿಲ್ಲಸೂದು. ಅದನ್ನ ನೀವು ಮಾಡೀರಿ."

ಸಣ್ಣ ಕೈ. ನರ ಸಿಗಲಿಲ್ಲ. ಎರಡು ಸಲ ಚುಚ್ಚಿದರು. ಪ್ರವೀಣ ಹೊರಗೆ ಹೋಗಿ ನಿಂತರು. ರಕ್ತ ಮುಂಬೈಗೆ ಹೋಗಬೇಕಂತೆ. ನಡುವೆ ಭಾನುವಾರ, ಶಿವರಾತ್ರಿ. ಬುಧವಾರ ಬರಬಹುದು.

ಬುಧವಾರ!

ಫೆ. 10. ರಾತ್ರಿ 3.15

ಸೀಸ ಮಿದುಳಿಗೆ ಹೋಗುತ್ತದೆ. ಕಲಿಯುವುದು ನಿಧಾನವಾಗುತ್ತದೆ. ಒಮ್ಮೆ ಆದದ್ದು ವಾಪಸ್ ಬರುವುದಿಲ್ಲ… ಮೊಬೈಲಿನಲ್ಲಿ ಓದಬೇಡ ಅಂತ ಪ್ರವೀಣ ಬೈದರು. ಬಚ್ಚಲಿಗೆ ಹೋಗಿ ಓದಿದೆ.

ಇವತ್ತು "ಅವ್ವ" ಅನ್ನಲಿಲ್ಲ. ನಿನ್ನೆ ಅಂದಿದ್ದಳು. ಅಂದಿದ್ದಳೋ, ನನಗೇ ಹಾಗೆ ಕೇಳಿಸಿತೋ?

ಫೆ. 12. ರಾತ್ರಿ

ಮಲಗಿದವಳ ಕಿವಿಯ ಹತ್ತಿರ ಚಿಟಿಕೆ ಹೊಡೆದೆ. ಎದ್ದಳು. ಅತ್ತಳು. ಕಿವಿ ಕೇಳುತ್ತದೆ. ಸಾಕು ಇವತ್ತಿಗೆ.

ಫೆ. 14, ಬುಧವಾರ

1.8

ರಕ್ತದಲ್ಲಿ ಸೀಸ ಒಂದು ಪಾಯಿಂಟ್ ಎಂಟು. ಐದರ ಒಳಗಿದ್ದರೆ ಚಿಂತೆಯಿಲ್ಲವಂತೆ. ಡಾಕ್ಟರೇ ಫೋನ್ ಮಾಡಿದರು. "ಕೂಸು ಆರಾಮ ಐತ್ರಿ. ಇನ್ನ ನೀವು ಮಲಕ್ಕೋರಿ."

ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಪಂಪಾಳನ್ನು ಎತ್ತಿಕೊಂಡೆ. ಅವಳ ತಲೆಯೆಲ್ಲ ಜೋಳದ ಹಿಟ್ಟು. ಅತ್ತೆಗೆ ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ತಿಳಿಯಲಿಲ್ಲ. ನನಗೂ.

ಒಂದೇ ಅರ್ಥವಾಗುತ್ತಿಲ್ಲ. ಒಂದೂವರೆ ತಿಂಗಳು ದಿನಾ ಕಡಿದಿದ್ದಾಳೆ. ರಕ್ತಕ್ಕೆ ಹೋಗಲಿಲ್ಲ, ಹೇಗೆ?

ಫೆ. 15, ಗುರುವಾರ. ಮಧ್ಯಾಹ್ನ

ತಿಳಿಯಿತು.

ಮಾವ ಏಣಿ ಹಾಕಿ ಅಟ್ಟದಿಂದ ಗಾಡಿ ಇಳಿಸಿದ್ದರು. ಅಂಗಳದಲ್ಲಿ ಕೂತು ಗಾಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಯಾರ ಹೇಳಿದ್ರು ಸಡಲ ಐತಂತ? ನಲವತ್ತು ವರ್ಷ ಆತು, ನನ್ನ ಗಾಲಿ ಸಡಲಾಗಿಲ್ಲ!"

ಇನ್ನೇನು ಮುಚ್ಚಿಡುವುದು. ಎಲ್ಲ ಹೇಳಿದೆ. ಲ್ಯಾಬು, ಸೀಸ, ಕೊಪ್ಪಳ, ಎರಡು ಸಲ ಚುಚ್ಚಿದ್ದು. ಎದೆ ಒಡೆದುಕೊಳ್ಳುತ್ತಾರೆ ಅಂತ ಕಾದೆ. ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಈ ಗಾಡಿಗೆ ಆ ಬಣ್ಣ ಹಚ್ಚೀನಿ ಅಂತ ಯಾರ ಹೇಳಿದ್ರ ನಿನಗ?"

"ಮತ್ತ… ಇದು ಕೆಂಪ ಐತಲ್ರಿ ಮಾವಾರ."

"ಕೆಂಪ ಐತಿ, ಕೆಮ್ಮಣ್ಣಿನ ಕೆಂಪು. ಹುಡಿ ಮಾಡಿ ಸೋಸಿ, ಅಗಸಿ ಎಣ್ಣ್ಯಾಗ ಕಲಸಿ ತಿಕ್ಕೀನಿ. ಆ ಡಬ್ಬಿ ಗಿರಾಕಿದು ಯವ್ವಾ. ಗಿರಾಕಿ ರೊಕ್ಕದಾಗ ತಂದದ್ದು. ಅದ್ರಾಗಿಂದ ಒಂದ ಕುಂಚ ಮನಿ ಸಾಮಾನಿಗೆ ಮುಟ್ಟಸಂಗಿಲ್ಲ. ನಮ್ಮಪ್ಪ ಮುಟ್ಟಸಿಲ್ಲ, ನಾ ಮುಟ್ಟಸಿಲ್ಲ."

ಅತ್ತೆ ಶಾಂತಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡವರು ಮಗನನ್ನು ಹಿಡಿದರು. "ಎಂಟ ದಿನ ಕೂಸಿನ ಗಾಡಿ ಕಸಗೊಂಡು ಅಳಿಸೀರಿ. ಒಂದ ಮಾತ ಕೇಳಾಕ ಏನ ಧಾಡಿ ಆಗಿತ್ತ ನಿನಗ?" ಪ್ರವೀಣ ತಲೆ ಕೆರೆದುಕೊಂಡರು. ಎಂಟು ರಾತ್ರಿ. ಒಂದು ಪ್ರಶ್ನೆಗೆ ಮುಗಿಯುತ್ತಿತ್ತು.

ಮಾವನಿಗೆ ಕಾನೂನಿನ ಮೇಲೂ ಸ್ವಲ್ಪ ಸಿಟ್ಟು. "ಯಾವ್ದೋ ದೇಶದಾಗ ಕುಂತು ಕುಷ್ಟಗಿ ಬಡಿಗ್ಯಾಗ ಬಣ್ಣ ಹಚ್ಚೂದು ಕಲಸ್ತಾರಂತ." ಗಾಡಿಯನ್ನು ಪಂಪಾಳ ಮುಂದಿಟ್ಟು, ಮೆಲ್ಲಗೆ — "ಕಲಸ್ಲಿ ಬಿಡು. ಕೂಸುಗಳ ಬಾಯಿ ಎಲ್ಲಾ ಕಡೆ ಒಂದಽ." ಆಮೇಲೆ ಗಟ್ಟಿಯಾಗಿ ಹೇಳಿದರು, ಆ ಡಬ್ಬಿ ಒಡೆದದ್ದು ಈ ಆರ್ಡರಿಗೇ, ನಲವತ್ತೂ ಶೆಡ್ಡಿನಲ್ಲೇ ಇವೆ, ಒಂದೂ ಹೊರಗೆ ಹೋಗಿಲ್ಲ, ದೇವರು ದೊಡ್ಡವನು.

ಹಮೀದಾಬಿ ನನ್ನ ಕಡೆ ನೋಡಿ ಹೆಸರು ಹಿಡಿದು ಕರೆದಳು. "ಅಂಜಲವ್ವಾ, ಒಂದ ಮಾತು…" ಅಂದಳು. ತನ್ನ ಕೈಗೂ ಹದಿನೈದು ವರ್ಷದ ಬಣ್ಣ ಹತ್ತಿದೆ, ಅದರ ಚಿಂತೆ ಅಂದುಕೊಂಡೆ. "ಸೋಮವಾರ ನಿನ್ನ ರಕ್ತಾನೂ ತೋರಸೂಣು ಹಮೀದಾಬಿ, ನಾನಽ ಕರಕೊಂಡ ಹೋಗ್ತೀನಿ" ಅಂದೆ. ಅಷ್ಟರಲ್ಲಿ ಪಂಪಾ ಗಾಡಿ ದೂಡಿಕೊಂಡು ಮೂರು ಹೆಜ್ಜೆ ಹಾಕಿದಳು. ಮೂರು! ಎಲ್ಲರೂ ಚಪ್ಪಾಳೆ.

ಫೆ. 18, ಭಾನುವಾರ

ಎರಡು ದಿನ ಬರೆಯಲಿಲ್ಲ. ರಾತ್ರಿ ನಿದ್ದೆ ಬಂದದ್ದಕ್ಕೆ. ಮದುವೆಯಾದ ಮೇಲೆ ಇಷ್ಟು ನಿದ್ದೆ ಇದೇ ಮೊದಲು. ಪ್ರವೀಣ ಹೊಸ ಡಬ್ಬಿ ತರಲು ಹುಬ್ಬಳ್ಳಿಗೆ ಹೋಗಿದ್ದಾರೆ, ನಾಳೆ ಸಂಜೆ ಬರುತ್ತಾರೆ. ಸೀಸ 90ರ ಒಳಗೆ ಅಂತ ಬರೆದದ್ದನ್ನು ಓದಿಯೇ ತನ್ನಿ ಅಂದೆ. ಎಂಟೂವರೆಗೇ ಕಣ್ಣು ಎಳೆಯುತ್ತಿದೆ. ಮೊಬೈಲ್ ಚಾರ್ಜಿಗಿಟ್ಟು ಮಲಗುತ್ತೇನೆ.

ಫೆ. 19, ಸೋಮವಾರ. ರಾತ್ರಿ 3.05

ಪಂಪಾಗೆ ನೀರು ಕುಡಿಸಲು ಎದ್ದೆ. ಟೈಮ್ ನೋಡಲು ಮೊಬೈಲ್ ತೆಗೆದೆ.

ಭವಾನಿಯ ಫೋಟೋ. ನಿನ್ನೆ ರಾತ್ರಿ 9.50ಕ್ಕೆ ಬಂದದ್ದು. ಅವಳ ಮಗ ಹೊಳೆಯುವ ಕೆಂಪು ಗಾಡಿ ಹಿಡಿದು ಮಂಡಿಯೂರಿದ್ದಾನೆ. ಬಾಯಿ ಹಿಡಿಕೆಯ ಮೇಲೆ. ಕೆಳಗೆ — "ಇವತ್ತು ಗೋಣಿಚೀಲಾ ಬಿಚ್ಚಿದ್ವಿ ಅಕ್ಕಾ. ಬಿಡಾಕ ಒಲ್ಲ! ಬಾಜೂಕ ಇಟ್ಕೊಂಡಽ ಮಲಗ್ಯಾನ."

ನಲವತ್ತೊಂದನೆಯದು.

ಹಮೀದಾಬಿಯ ಒಂದು ಮಾತು ಇದು. ನಾನು ಹೇಳಗೊಡಲಿಲ್ಲ. ಹನ್ನೆರಡು ದಿನ ನನ್ನ ಕೂಸು, ನನ್ನ ಕೂಸು. ಗೋಣಿಚೀಲದಲ್ಲಿ ಕಟ್ಟಿ ಕಳಿಸಿದ್ದು ತಲೆಗೇ ಬರಲಿಲ್ಲ.

ಫೋನ್ ಮಾಡಿದೆ. ಸ್ವಿಚ್ ಆಫ್. ಕೂಸು ಏಳುತ್ತದೆ, ರಾತ್ರಿ ಆಫ್ ಮಾಡು ಅಂತ ಕಲಿಸಿದವಳು ನಾನೇ. ಅವಳ ಗಂಡ ರಾತ್ರಿ ಬಸ್ಸಿನ ಡ್ರೈವರ್, ಓಡಿಸುವಾಗ ಎತ್ತುವುದಿಲ್ಲ. ಮೆಸೇಜ್ ಹಾಕಿದೆ. ಒಂದೇ ಟಿಕ್.

3.30

ಮಾವನನ್ನು ಎಬ್ಬಿಸಿದೆ. ಕದ್ದು ಬಣ್ಣ ಹಚ್ಚಿಸಿದ್ದೆ, ತಂಗಿಗೆ ಕಳಿಸಿದ್ದೆ ಅಂದೆ. ಬೈಗುಳಕ್ಕೆ ಕಾದೆ. "ಬಿಚ್ಚಿದ್ದು ನಿನ್ನೇನಽ ಅಂದ್ಯಲ್ಲ? ಒಂದಿನ. ಒಂದಿನದ್ದು ಏನೂ ಆಗಂಗಿಲ್ಲ ಅಳಬ್ಯಾಡ. ಮದಲನೇ ಬಸ್ಸಿಗೆ ನಾನಽ ಹೋಗ್ತೀನಿ. ಬರಿಗೈಲೆ ಹೋಗಂಗಿಲ್ಲ, ಆ ಹುಡುಗ ಅಳ್ತಾನ." ಶೆಡ್ಡಿನ ದೀಪ ಹಾಕಿದ್ದಾರೆ. ಬಣ್ಣವಿಲ್ಲದ ಗಾಡಿಗೆ ಗಾಲಿ ಬಡಿಯುತ್ತಿದ್ದಾರೆ.

ಒಂದು ದಿನ. ಹೌದು. ಒಂದೇ ದಿನ. ಬಾಯಿಗೆ ಹೋಗುವುದು ನಿಲ್ಲಿಸುವುದೇ ಮೊದಲ ಔಷಧ ಅಂದಿದ್ದರು ಡಾಕ್ಟರು. ಕೊಪ್ಪಳಕ್ಕೆ ಅವನನ್ನೂ ಕರೆದೊಯ್ಯುತ್ತೇನೆ. ಆರಾಮ ಇರುತ್ತಾನೆ.

4.10

ಬಸ್ಸು ಆರಕ್ಕೆ. ತಲುಪುವಾಗ ಏಳು ದಾಟುತ್ತದೆ. ಅವನು ಏಳುವುದು ಐದಕ್ಕೆ. ಎದ್ದ ಕೂಡಲೇ ಕೈಗೆ ಸಿಗುವುದು ಅದೇ.

ಭವಾನಿ. ನೀರು ಕುಡಿಯಲಾದರೂ ಎದ್ದೇಳೇ. ಟೈಮ್ ನೋಡಲಾದರೂ ಆ ಫೋನ್ ಹಚ್ಚು. ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದೇನೆ. ಒಂದು ಮಿಸ್ಡ್ ಕಾಲ್ ಸಾಕು. ಬೆಳಗಾಗುವ ಮೊದಲು ಫೋನ್ ಮಾಡವ್ವಾ, ಅವನು ಕಣ್ಣು ಬಿಡುವ ಮೊದಲು, ಅದಕ್ಕೆ ಬಾಯಿ ಹಚ್ಚುವ ಮೊದಲು.