ಹೆಚ್ಚಾದ ಜಿಂಕೆಗಳ ಪಟ್ಟಿ

ಡಿಸೆಂಬರ್ 6, ಶನಿವಾರ, ಕರಾಮ. ಮಗಳು ಊದ್ ಮೇಥಾಕ್ಕೆ ಟ್ಯೂಷನ್‌ಗೆ ಹೋಗಿದ್ದಾಳೆ. ಸೋಮವಾರ ಬೆಳಿಗ್ಗೆಯೊಳಗೆ ನಾನು ಒಂದು ಪಟ್ಟಿಗೆ ಸಹಿ ಹಾಕಬೇಕು.

ಪ್ರೀತಿಯ ಹಮೀದ್ ಕಾಕ,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ಬದುಕಿದ್ದಾಗ ನಿಮಗೆ ಬರೆದದ್ದೆಲ್ಲ ಆಫೀಸಿನ ಮೆಮೊಗಳು. ಅವನ್ನು ನೀವು ಬಿಡಿಸಿಯೂ ನೋಡದೆ ಜೇಬಿಗೆ ತುರುಕಿ, "ಎಂತ ಬರ್ದದ್ದು, ನೀವೇ ಹೇಳಿ ಬಾಯಮ್ಮ" ಎನ್ನುತ್ತಿದ್ದಿರಿ. ಈ ಪತ್ರವನ್ನಾದರೂ ಪೂರ್ತಿ ಓದಿ.

ಮೊದಲ ಸಲ ನಾನು ಜಿಂಕೆಗಳ ಬೇಲಿಗೆ ಬಂದ ದಿನ ಗೇಟಿನಲ್ಲಿ ನಿಂತು ನನ್ನ ಕಾಲನ್ನೇ ನೋಡಿದ್ದಿರಿ. "ಈ ಹೀಲ್ಸ್ ಹಾಕ್ಕೊಂಡು ಮರಳಿಗೆ ಬಂದ್ರಾ? ನಿಮ್ಮನ್ನು ಎತ್ಕೊಂಡು ಹೋಗ್ಲಿಕ್ಕೆ ಒಂಟೆ ಬೇಕು ಈಗ." ಅಲ್ ಐನ್ ರಸ್ತೆಯಿಂದ ಒಳಗೆ ನಮ್ಮ ಅರಬ್ ಧಣಿ, ಅರ್ಬಾಬರು, ಬೇಲಿ ಹಾಕಿಸಿದ ಆ ಮರಳುಗಾಡಿನಲ್ಲಿ ನೀವು ಇಪ್ಪತ್ತೆರಡು ವರ್ಷ ರೀಮ್ ಜಿಂಕೆಗಳನ್ನು ನೋಡಿಕೊಂಡಿರಿ. ನಾನು ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಕುಳಿತು ಅವೇ ಜಿಂಕೆಗಳ ಕಾಗದ ನೋಡಿಕೊಂಡೆ: ಹುಟ್ಟು, ಸಾವು, ಲಸಿಕೆ, ಇಲಾಖೆಯ ಅನುಮತಿ. ಒಂದೇ ಹಿಂಡು, ಇಬ್ಬರ ಕೆಲಸ. ಆದರೆ ಅವುಗಳ ವಾಸನೆ ಗೊತ್ತಿದ್ದದ್ದು ನಿಮಗೊಬ್ಬರಿಗೇ.

ನಾನು ಮೇವು ಹೆಚ್ಚಿಸಿದ ಆ ಬೇಸಿಗೆ ನೆನಪಿದೆಯೇ? ಫೋಟೊದಲ್ಲಿ ಪಕ್ಕೆಲುಬು ಕಂಡಿತೆಂದು ನಿಮ್ಮನ್ನು ಕೇಳದೆ ಹಸಿಮೇವಿನ ಆರ್ಡರನ್ನು ಎರಡು ಪಟ್ಟು ಮಾಡಿದೆ. ಪುಣ್ಯದ ಕೆಲಸ ಮಾಡಿದೆನೆಂದು ಆ ಭಾನುವಾರ ಚರ್ಚಿನ ಪೂಜೆಯಲ್ಲಿ ಸಮಾಧಾನದಿಂದ ಕುಳಿತಿದ್ದೆ. ಮುಂದಿನ ವರ್ಷ ಹೆಣ್ಣುಗಳೆಲ್ಲ ಅವಳಿ ಹಾಕಿದವು. ಅದರ ಮರುವರ್ಷ ಬೇಲಿಯೊಳಗೆ ಹುಲ್ಲಿನ ಒಂದು ಬುಡ ಉಳಿಯಲಿಲ್ಲ, ಗಾಫ್ ಮರಗಳ ತೊಗಟೆ ಕುತ್ತಿಗೆ ಎಟಕುವಷ್ಟೂ ಸುಲಿದುಹೋಗಿತ್ತು. ನೀವು ಬೈಯಲಿಲ್ಲ. ಪಿಕಪ್‌ನಲ್ಲಿ ಕೂರಿಸಿಕೊಂಡು ಬೇಲಿಯುದ್ದಕ್ಕೂ ನಿಧಾನವಾಗಿ ಓಡಿಸಿದಿರಿ. ಹಾಲಿಲ್ಲದ ತಾಯಿಯ ಹಿಂದೆ ಅಲೆಯುವ ಮರಿ, ಕಾದಾಡಿ ಹೊಟ್ಟೆ ಸೀಳಿಸಿಕೊಂಡ ಗಂಡು. ಎಲ್ಲ ತೋರಿಸಿ ಮುಗಿದ ಮೇಲೆ ಹೇಳಿದಿರಿ: "ಕನಿಕರ ಒಳ್ಳೇದೇ ಬಾಯಮ್ಮ. ಆದ್ರೆ ಇಲ್ಲಿ ಚಿರತೆ ಇಲ್ಲ, ತೋಳ ಇಲ್ಲ. ನಾವು ಬೇಲಿ ಹಾಕಿ ಅವುಗಳ ಕೆಲಸ ತಪ್ಪಿಸಿದ್ದು. ಆ ಕೆಲಸ ಈಗ ಯಾರ ತಲೆ ಮೇಲೆ ಉಂಟು, ಹೇಳಿ?"

ನಿಮ್ಮ ತಲೆಯ ಮೇಲಿತ್ತು. ಆ ಚಳಿಗಾಲದಿಂದ ಪ್ರತಿ ವರ್ಷ ಅನುಮತಿ ತರಿಸಿ, ಹೆಚ್ಚಾದವುಗಳನ್ನು ನೀವೇ ಆರಿಸಿ ನೀವೇ ಕೊಯ್ದಿರಿ. ನಾನು ಅನುವಾದದ ಕಾದಂಬರಿಗಳನ್ನು ಓದುವವಳು. ಅವುಗಳ ಬೇಟೆಗಾರರು ಪುಟಗಟ್ಟಲೆ ಮಾತಾಡುತ್ತಾರೆ, ಧೈರ್ಯ ಅನ್ನುತ್ತಾರೆ, ಮೃಗದ ಕಣ್ಣಿನಲ್ಲಿ ತಮ್ಮನ್ನು ಕಂಡೆವು ಅನ್ನುತ್ತಾರೆ. ನೀವು ಮಾತಾಡಿದ್ದು ಕತ್ತಿಯ ಬಗ್ಗೆ ಮಾತ್ರ. ಹರಿತವಾಗಿರಬೇಕು, ಪ್ರಾಣಿಯ ಎದುರು ಮಸೆಯಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಅದಕ್ಕಾಗಿ ನಡುವೆ ಟರ್ಪಾಲು ಕಟ್ಟಿಸುತ್ತಿದ್ದಿರಿ. ಒಂದೊಂದನ್ನೇ ಮುಖಕ್ಕೆ ಗೋಣಿ ಮುಚ್ಚಿ ತಂದು, ನೀರು ಕುಡಿಸಿ, ನಮಾಜಿನ ದಿಕ್ಕಾದ ಕಿಬ್ಲಾದ ಕಡೆ ಮಲಗಿಸಿ, ಬಿಸ್ಮಿಲ್ಲಾ ಹೇಳಿ ಕೊಯ್ಯುತ್ತಿದ್ದಿರಿ. ದಿನಕ್ಕೆ ಆರು, ಏಳನೆಯದಿಲ್ಲ. ಏಕೆಂದು ಕೇಳಿದರೆ, "ಏಳನೇದಕ್ಕೆ ಕೈಗೆ ಅಭ್ಯಾಸ ಆಗ್ತದೆ. ಅಭ್ಯಾಸ ಆಗ್ಬಾರ್ದು" ಎಂದಿರಿ. ಮಾಂಸ ಅದೇ ಸಂಜೆ ಲೇಬರ್ ಕ್ಯಾಂಪುಗಳಿಗೆ ಹೋಗುತ್ತಿತ್ತು. ಒಂದು ವರ್ಷ ನನ್ನನ್ನೂ ಕರೆದಿರಿ. "ಪಟ್ಟಿ ಟೈಪ್ ಮಾಡ್ತೀರಲ್ಲ, ಒಮ್ಮೆ ಬಂದು ನೋಡಿ." ನನಗೆ ಮೀಟಿಂಗ್ ಇದೆ ಎಂದೆ. ಮೀಟಿಂಗ್ ಇರಲಿಲ್ಲ, ಕಾಕ. ಇಪ್ಪತ್ಮೂರನೇ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಕಾದಂಬರಿ ಓದುತ್ತಿದ್ದೆ. ನಿಮಗೆ ಗೊತ್ತಿತ್ತೇನೋ…

ಅರ್ಬಾಬರ ಅತಿಥಿಯೊಬ್ಬರು ತಾನೇ ಹೊಡೆಯುತ್ತೇನೆಂದು ಹಟ ಹಿಡಿದ ದಿನವನ್ನು ನೀವು ಯಾರಿಗೂ ಹೇಳಲಿಲ್ಲ. ಪಿಕಪ್‌ನ ಡ್ರೈವರ್ ನನಗೆ ಹೇಳಿದ. ಗುಂಡು ಹೊಟ್ಟೆಗೆ ತಾಗಿ ಜಿಂಕೆ ದಿಬ್ಬದಾಚೆ ಓಡಿತಂತೆ. ಅತಿಥಿ ನಕ್ಕು, ಕಾಫಿ ಕುಡಿಯಲು ಡೇರೆಗೆ ಹೋದರಂತೆ. ನೀವು ಒಂದು ಬಾಟಲಿ ನೀರು ಹಿಡಿದು ಮರಳಿನ ಮೇಲಿನ ರಕ್ತದ ಹನಿ ನೋಡುತ್ತ ನಡೆದಿರಿ. ಅರವತ್ತು ದಾಟಿದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ. ಇಳಿಮಧ್ಯಾಹ್ನದ ಅಸರ್ ನಮಾಜಿನ ಹೊತ್ತಿಗೆ ಅದನ್ನು ಹುಡುಕಿ, ಮುಗಿಸಿ, ಹೆಗಲ ಮೇಲೆ ಹೊತ್ತು ತಂದು ಅರ್ಬಾಬರ ಕಾಲ ಬಳಿ ಇಳಿಸಿದಿರಿ. "ಖಲಾಸ್, ಅರ್ಬಾಬ್. ಇನ್ನು ಬಂದೂಕು ಬಂದ ದಿನ ನಾನು ಊರಿಗೆ." ಅಷ್ಟೇ ಮಾತು. ನೀವಿರುವವರೆಗೆ ಆ ಬೇಲಿಯೊಳಗೆ ಬಂದೂಕು ಬರಲಿಲ್ಲ. ಕೆಲಸ, ವೀಸಾ ಎಲ್ಲ ಒಂದೇ ಮಾತಿಗೆ ಪಣಕ್ಕಿಡಲು ಎಷ್ಟು ಜನರಿಗೆ ಸಾಧ್ಯ? ನನಗಂತೂ…

ಈಗ ಹೊಸ ಮ್ಯಾನೇಜರ್ ಬಂದಿದ್ದಾನೆ, ಉಡುಪಿಯ ಪ್ರಶಾಂತ್. ಕೆಟ್ಟವನಲ್ಲ, ಅವಸರದವನು. ಗುರುವಾರ ನನ್ನ ಮೇಜಿನ ಮೇಲೆ ಹೆಚ್ಚಾದ ಜಿಂಕೆಗಳ ಪಟ್ಟಿಯಿದ್ದ ಅರ್ಜಿ ಇಟ್ಟ. ನಲವತ್ತು ಜಿಂಕೆ, ಎರಡು ದಿನ, ಹೊರದೇಶದ ಎಂಟು ಅತಿಥಿಗಳು, ಅವರವರ ರೈಫಲ್. ಅನುಮತಿಯ ಅರ್ಜಿಗೆ ಹಿಂಡಿನ ದಾಖಲೆ ಇಡುವವಳ ಸಹಿ ಬೇಕು.

"ಐರಿನ್ ಮೇಡಂ, ಹೇಗೂ ಸಾಯ್ಬೇಕಾದ ಜಿಂಕೆ. ಕಾಕ ಕೊಯ್ದ್ರೂ ಸತ್ತದ್ದೇ, ಇವರು ಹೊಡೆದ್ರೂ ಸತ್ತದ್ದೇ. ಜಿಂಕೆಗೆ ಎಂತ ಡಿಫರೆನ್ಸ್ ಮಾರಾಯ್ರೆ?"

"ಹೊಟ್ಟೆಗೆ ಗುಂಡು ಬಿದ್ದ ಜಿಂಕೆಯನ್ನು ಕೇಳಿ," ಎಂದೆ.

"ನೀವು ಭಾರೀ ಕಾದಂಬರಿ ಓದ್ತೀರಿ," ಎಂದು ನಕ್ಕ. "ಸೋಮವಾರ ಸಹಿ ಬೇಕು ಆಯ್ತಾ? ಯಲ್ಲಾ, ಬೇಗ."

ನಿಜ ಹೇಳಬೇಕೆಂದರೆ ಅವನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ನಿನ್ನೆ ಊಟಕ್ಕೆ ಕುಳಿತಾಗ ಮಗಳನ್ನು ಕೇಳಿದೆ. ರಿಯಾಗೆ ಈಗ ಹದಿನಾರು, ಮಾಂಸ ಬಿಟ್ಟಿದ್ದಾಳೆ. "ಮಮ್ಮಾ, ಬೋತ್ ಆರ್ ಮರ್ಡರ್" ಎಂದಳು. ಹಾಗಾದರೆ ಹಾಗೇ ಬಿಟ್ಟು ಹಸಿವಿನಿಂದ ಸಾಯಿಸುವುದಕ್ಕೆ ಏನೆನ್ನುತ್ತಾರೆ ಎಂದೆ. ಅನ್ನ ಕಲಸುತ್ತ ಕೇಳಿದಳು: "ದೆನ್ ವೈ ಲೆಟ್ ದೆಮ್ ಹ್ಯಾವ್ ಸೋ ಮೆನಿ ಬೇಬೀಸ್?"

ಇದೇ ಮಾತನ್ನು ನಾನೂ ನಿಮಗೆ ಹೇಳಿದ್ದೆ, ಕಾಕ. ಗಂಡುಗಳನ್ನು ಬೇರೆ ಬೇಲಿಯಲ್ಲಿ ಇಡೋಣ, ಹುಟ್ಟು ಕಡಿಮೆಯಾದರೆ ಕೊಯ್ಯುವುದೂ ಕಡಿಮೆಯಾಗುತ್ತದೆ ಎಂದು. ನೀವು ಒಪ್ಪಲಿಲ್ಲ. "ಜೋಡಿ ಇಲ್ಲದೆ ಬದುಕಿಸೋದು ಜೈಲು. ಅದಕ್ಕಿಂತ ಕತ್ತಿ ವಾಸಿ" ಎಂದಿರಿ. ನಿಮ್ಮೆದುರು ನಾನು ವಾದಿಸಲಿಲ್ಲ. ನೀವು ಕೈಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಕಾಗದದವಳು ಹೇಗೆ ಎದುರಾಡುವುದು? ಆದರೆ ಈ ಒಂದು ವಿಷಯದಲ್ಲಿ ನೀವು ತಪ್ಪು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಬೈಯಬೇಡಿ. ನಿಮ್ಮನ್ನು ಇಷ್ಟು ಮೆಚ್ಚಿಕೊಂಡ ಮೇಲೆ ಇಷ್ಟಾದರೂ ನೇರವಾಗಿ ಹೇಳದಿದ್ದರೆ ಆ ಮೆಚ್ಚುಗೆಗೆ ಬೆಲೆಯೇನು?

ನಿಮಗೆ ತಿಳಿಯದ ಸುದ್ದಿ ಇಷ್ಟು. ಪ್ರಶಾಂತನ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ. ಅದರ ಬದಲಿಗೆ ಅರ್ಬಾಬರಿಗೆ ಒಂದು ಪುಟದ ಕಾಗದ ಬರೆದಿಟ್ಟಿದ್ದೇನೆ. ಅತಿಥಿಗಳು ಬೇಡ. ಜಿಂಕೆಗಳ ಡಾಕ್ಟರರ ಜತೆ ನಾನೇ ಬೇಲಿಯೊಳಗೆ ನಡೆದು, ಮುದಿಯಾದವು, ಗಾಯ ವಾಸಿಯಾಗದವು ಯಾವುವೆಂದು ನೋಡಿ ಪಟ್ಟಿ ಮಾಡುತ್ತೇನೆ, ನಿಮ್ಮ ಕ್ರಮದಲ್ಲೇ ಕೊಯ್ಯುವ ದಿನವೂ ಕೊನೆಯವರೆಗೆ ಅಲ್ಲೇ ಇರುತ್ತೇನೆ. ಉಳಿದ ಗಂಡುಗಳಿಗೆ ಜನವರಿಯಲ್ಲಿ ಬೇರೆ ಬೇಲಿ. ಇದು ಆಗದಿದ್ದರೆ ಹಿಂಡಿನ ದಾಖಲೆಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಕೊನೆಯ ಸಾಲು. ಅದನ್ನು ಮೂರು ಸಲ ಅಳಿಸಿ ನಾಲ್ಕನೆಯ ಸಲ ಹಾಗೇ ಬಿಟ್ಟೆ. ರಿಯಾಳ ಪರೀಕ್ಷೆ ಮಾರ್ಚ್‌ನಲ್ಲಿದೆ, ನಮ್ಮಿಬ್ಬರ ವೀಸಾ ನನ್ನ ಕೆಲಸದ ಮೇಲೆಯೇ ನಿಂತಿದೆ. ಅವಳಿಗೆ ಈ ಸಾಲಿನ ವಿಷಯ ಇನ್ನೂ ಹೇಳಿಲ್ಲ. ಟ್ಯೂಷನ್‌ನಿಂದ ಬಂದ ಮೇಲೆ ಹೇಳಬೇಕು. ಕಾಗದ ಸೋಮವಾರ ಎಂಟು ಗಂಟೆಗೆ, ಪ್ರಶಾಂತ್ ಬರುವ ಮೊದಲು, ನಾನೇ ಅರ್ಬಾಬರ ಕೈಗೆ ಕೊಡುತ್ತೇನೆ.

ನಿಮ್ಮ
ಐರಿನ್