ಪುಕ್ಕಗಾಲಿನ ಹ್ಯಾಟೆಗೆ ಕಟ್ಟಿದ ಗುರುತು

ಜೋಸೆಫಿನ್,

ನಜರ್‌ಬಾದಿಗೆ ಮಗಳ ಮನೆಗೆ ಹೊರಟೆ, ಸಂಜೆ ಬರುತ್ತೇನೆ. ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಒಲೆಯ ಮೇಲೆ ಗಂಜಿ ಇದೆ, ಮೊದಲು ಕುಡಿ.

ಹಿತ್ತಲ ಪುಕ್ಕಗಾಲಿನ ಹ್ಯಾಟೆಕೋಳಿಯ ತಾಯಿ ನಮ್ಮ ಬೋಳುಕತ್ತಿನ ಕೋಳಿಯೇ, ಕತ್ತು ನೋಡಿದರೆ ಸಾಕು. ತಂದೆ ಪಕ್ಕದ ಮನೆ ನಿಂಗಯ್ಯನ ಹುಂಜ ಅಂತ ನಿನ್ನ ಗಂಡ ನಿನ್ನೆ ಊಟದಲ್ಲಿ ವಾದಿಸಿದ್ದು ಸುಳ್ಳು. ಕಾಲ ತುಂಬ ಪುಕ್ಕ ಇರುವುದು ಹಿಂದಿನ ಬಂಗಲೆಯ ವಿಲಾಯತಿ ಹುಂಜಕ್ಕೆ ಮಾತ್ರ. ಅದು ಬೇಲಿ ನುಸುಳುವುದನ್ನು ನಾನೇ ಕಂಡಿದ್ದೇನೆ.

ಅವನು ಅಷ್ಟಕ್ಕೇ ಸುಮ್ಮನಿರದೆ, “ಯಾರ್ದಾದ್ರೇನು, ಬೆರಕೆ ಜಾತಿ ಕಣಮ್ಮ, ಹಬ್ಬಕ್ಕೆ ಕುಯ್ದುಬುಡು” ಅಂದ. ನಿನ್ನಪ್ಪ ಗೋವೆಯಿಂದ ಬಂದ ಬ್ಯಾಂಡಿನವರು, ನಿನ್ನಮ್ಮ ಇಲ್ಲಿನ ಕುಂಬಾರಕೊಪ್ಪಲಿನವರು ಅನ್ನುವುದು ಆ ಪೆದ್ದನಿಗೆ ಹೊಳೆಯಲೇ ಇಲ್ಲ. ನೀನು ಅರ್ಧ ಊಟಕ್ಕೆ ಎದ್ದದ್ದು ನನಗೆ ಕಂಡಿತು.

ಆ ಹ್ಯಾಟೆಯನ್ನು ಯಾರೂ ಕುಯ್ಯಬಾರದು. ನಮ್ಮನೆಯದು ಅಂತ ತಿಳಿಯಲಿ ಅಂತ ಕೋಳಿಗಳ ಕಾಲಿಗೆ ಹಳೇ ಬಟ್ಟೆಯ ಚೂರು ಕಟ್ಟುತ್ತೇವಲ್ಲ, ಇದಕ್ಕೆ ನನ್ನ ಮದುವೆ ಸೀರೆಯ ಸೆರಗಿನ ತುದಿ ಹರಿದು ಕಟ್ಟಿದ್ದೇನೆ.

ಉಳಿದ ಸೀರೆ ನಿನ್ನ ತಲೆದಿಂಬಿನ ಪಕ್ಕದಲ್ಲಿದೆ. ಭಾನುವಾರ ಚರ್ಚಿನ ಪೂಜೆಗೆ ಉಟ್ಟುಕೋ. ಸೆರಗು ಯಾಕೆ ಹರಿದಿದೆ ಅಂತ ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸು. ನಮ್ಮನೆಯ ಗುರುತು ಅಂತ ನಾನು ಹೇಳುತ್ತೇನೆ.

ನಿನ್ನತ್ತೆ