ತಾಡಪತ್ರಿ ಇಲ್ಲದ ಪೀಪಾಯಿಗಳು

ಜೇವರ್ಗಿ
೧೮ ಅಕ್ಟೋಬರ್ ೧೯೯೧

ಪ್ರೀತಿಯ ಸುಭದ್ರಕ್ಕನಿಗೆ ನಿನ್ನ ದೌಲತನ ಶರಣು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಸಿಟ್ಟಾಗಿರುತ್ತೀ. ಬರೆಯಲು ಕೂತು ನಾಲ್ಕು ಸಾಲಿಗೆ ಎದ್ದುಬಿಡುತ್ತಿದ್ದೆ. ಒಂದು ಕಡೆ ಕೂಡಲಾರದೆ ಒಂಬತ್ತನೆಯ ಇಯತ್ತೆ ಬಿಟ್ಟವನು ನಾನು, ನಿನಗೆ ಗೊತ್ತೇ ಇದೆ. ಮಾವನವರ ಮೊಣಕಾಲು ನೋವು ಹೇಗಿದೆ? ಕೂಸಿಗೆ ಹಲ್ಲು ಬಂದವೇ? ನಾನೀಗ ಅಫಜಲಪುರದಲ್ಲಿಲ್ಲ. ಇಲ್ಲಿ ಒಂದು ಲಾರಿ ಗ್ಯಾರೇಜಿನಲ್ಲಿದ್ದೇನೆ. ಯಾಕೆಂದು ಹೇಳುತ್ತೇನೆ.

ಕಳೆದ ತಿಂಗಳು ಭೀಮಾ ತುಂಬಿ ಬಂದಾಗ ಪೊಲೀಸರು ಹೆಲಿಕಾಪ್ಟರ್ ತರಿಸಿದ್ದರು. ಇಲಾಖೆಯದಲ್ಲ, ಕಂಪನಿಯಿಂದ ಗುತ್ತಿಗೆಗೆ ಪಡೆದದ್ದು. ಅದನ್ನು ಹಾರಿಸುವವರೂ ಗುತ್ತಿಗೆಯವರೇ. ಕ್ಯಾಪ್ಟನ್ ಶರಫುದ್ದೀನ ಅಂತ, ಹೈದರಾಬಾದಿನವರು, ಮೊದಲು ಫೌಜಿನಲ್ಲಿದ್ದರಂತೆ. ಹೈಸ್ಕೂಲಿನ ಮೈದಾನದಲ್ಲಿ ಅದು ಇಳಿಯಿತು. ಅಪ್ಪ ಠಾಣೆಯ ಜೀಪಿಗೆ ದಿನಗೂಲಿ ಡ್ರೈವರ್ ಅಲ್ಲವೇ, ಠಾಣೆಯ ಸಾಹೇಬರಿಗೆ ಹೇಳಿ ಹೆಲಿಕಾಪ್ಟರಿನ ಎಣ್ಣೆಯ ಪೀಪಾಯಿ ಕಾಯುವ ಕೆಲಸ ನನಗೆ ಕೊಡಿಸಿದ.

ಮಳೆ ಬಿಡುವವರೆಗೆ ಕ್ಯಾಪ್ಟನ್ ನನ್ನ ಜೊತೆ ಹರಟುತ್ತಿದ್ದರು. ಇಲಾಖೆಯವರು ನಿಮ್ಮನ್ನೇ ನೌಕರಿಗೆ ಯಾಕೆ ತಗೊಳ್ಳುವುದಿಲ್ಲ ಎಂದು ಕೇಳಿದೆ.

"ನೌಕರಿ ಅಂದ್ರ ಪಿಂಚಣಿ ಸಿಗ್ತದ ಬೇಟಾ, ಖರೆ. ಆದ್ರ ಹಾರು ಅಂದ್ರ ಹಾರಬೇಕು. ಗುತ್ತಿಗ್ಯಾಗ ಇಲ್ಲ ಅನ್ನಬಹುದು, ಒಂದ್ ಸಲ."

"ಎರಡನೇ ಸಲ ಅಂದ್ರ?"

"ಬ್ಯಾರೆ ಪೈಲಟ್ ಬರ್ತಾನ."

ಮನೆಗೆ ಬಂದು ಇದನ್ನು ಹೇಳಿದರೆ ಅಪ್ಪ ಉರಿದುಬಿದ್ದ. ಪರ್ಮನೆಂಟ್ ಆಗಲೆಂದು ಹದಿನೆಂಟು ವರ್ಷ ಕಾದವನು. "ಇಲ್ಲ ಅನ್ನೋದು ಹೊಟ್ಟಿ ತುಂಬಿದವರ ಮಾತಲೇ" ಅಂದ.

ಮೂರನೆಯ ದಿನ ಗಾಣಗಾಪುರಕ್ಕೆ ಹೊರಟು ದಾರಿ ಕಟ್ಟಾಗಿ ನಿಂತ ಯಾತ್ರಿಕರು ಶಾಲೆಗೆ ಬಂದರು. ವರಾಂಡ ತುಂಬಿ ಹೋಯಿತು. ಎಳೆಗೂಸುಗಳ ತಾಯಂದಿರು ಮಳೆಯಲ್ಲಿ ನಿಂತಿದ್ದರು. ನಾನು ಪೀಪಾಯಿಗಳ ಮೇಲಿನ ತಾಡಪತ್ರಿ ಎಳೆದು ಎರಡು ಬೇವಿನ ಗಿಡಗಳ ನಡುವೆ ಕಟ್ಟಿಕೊಟ್ಟೆ. ಕಬ್ಬಿಣದ ಪೀಪಾಯಿ, ಬಿರಡೆ ಬಿಗಿದಿದೆ, ಏನಾಗುತ್ತದೆ ಅಂದುಕೊಂಡೆ.

ಮರುದಿನ ಮುಂಜಾನೆ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಮೂವತ್ತು ಮಂದಿ ಮಾಳಿಗೆಯ ಮೇಲೆ ಸಿಕ್ಕಿಕೊಂಡಿದ್ದಾರೆಂದು ಸುದ್ದಿ ಬಂತು. ಕ್ಯಾಪ್ಟನ್ ದಿನದಂತೆ ಗಾಜಿನ ಬಾಟಲಿಗೆ ಎಣ್ಣೆ ಹಿಡಿದು ಬೆಳಕಿಗೆ ಎತ್ತಿದರು. ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು. ಒಂದೊಂದಾಗಿ ಎಲ್ಲ ಪೀಪಾಯಿ ನೋಡಿದರು, ಎಲ್ಲದರಲ್ಲೂ ಹಾಗೆಯೇ. ಎಣ್ಣೆಯಲ್ಲಿ ನೀರಿದ್ದರೆ ಎಂಜಿನ್ ನಡು ಆಕಾಶದಲ್ಲಿ ನಿಲ್ಲುತ್ತದೆ, ಹಾರುವುದಿಲ್ಲ ಅಂದರು.

ಸಾಹೇಬರು ಮೈದಾನದ ನಡುವೆ ನಿಂತು, "ಇಲಾಖೆ ಪೈಲಟ್ ಇದ್ದಿದ್ರ ಹುಕುಂ ಕೈಗೆ ಕೊಟ್ಟು ಹಾರಸ್ತಿದ್ದೆ" ಅಂದರು.

"ಹಾರಸ್ತಿದ್ರಿ ಸಾಬ್. ಇಳಸೋದು ನಿಮ್ಮ ಹುಕುಮಿನಾಗ ಇಲ್ರಿ" ಅಂದರು ಕ್ಯಾಪ್ಟನ್.

ಗುಲಬರ್ಗಾದಿಂದ ಬೇರೆ ಎಣ್ಣೆ ಬರಲು ನಾಲ್ಕು ತಾಸು ಹಿಡಿಯಿತು. ಅಷ್ಟರಲ್ಲಿ ಊರವರೇ ಹರಗೋಲು ಹಾಕಿ ಜನರನ್ನು ತಂದಿದ್ದರು. ಹರಗೋಲು ಹತ್ತುವಾಗ ಮಥುರಾಬಾಯಿ ಎಂಬ ಮುದುಕಿ ಜಾರಿ ನೀರಿಗೆ ಬಿದ್ದಳು. ಸಿಗಲಿಲ್ಲ. ಅಕ್ಕಾ, ಆಕೆಯ ಮುಖ ನಾನು ನೋಡಿದವನಲ್ಲ. ಆದರೂ ಕೂತಲ್ಲಿ ಕೂಡಲಾಗುತ್ತಿಲ್ಲ.

ವಾರದ ಮೇಲೆ ಮುದುಕಿಯ ಸಾವಿನ ವಿಚಾರಣೆಗೆಂದು ನನ್ನನ್ನು ಠಾಣೆಗೆ ಕರೆಸಿದರು. ಪೀಪಾಯಿಗಳು ಮುಚ್ಚಿದ್ದವು, ಎಣ್ಣೆ ಶುದ್ಧವಿತ್ತು, ಪೈಲಟ್ ಹೆದರಿ ಹಾರಲಿಲ್ಲ ಎಂದು ಹೇಳಿಕೆ ಮೊದಲೇ ಬರೆದಿಟ್ಟಿದ್ದರು. ಕಾವಲಿದ್ದವನೆಂದು ನನ್ನ ಸಹಿ ಬೇಕಾಗಿತ್ತು. ತಾಡಪತ್ರಿ ತೆಗೆದವನೇ ನಾನು ಅಂದೆ.

"ನಿನಗ್ಯಾರ ಕೇಳ್ಯಾರಲೇ?" ಅಂದರು ಸಾಹೇಬರು. "ಸಹಿ ಹಾಕು. ನಿಮ್ಮಪ್ಪನ ಪರ್ಮನೆಂಟ್ ಫೈಲು ನನ್ನ ಟೇಬಲ್ ಮ್ಯಾಲೇ ಅದ."

ನಾನು ಆ ಹಾಳೆಯ ಕೆಳಗೆ ಬರೆದೆ: ತಾಡಪತ್ರಿ ತೆಗೆದವನು ನಾನು, ಎಣ್ಣೆಯಲ್ಲಿ ನೀರಿತ್ತು, ಹಾರದೆ ಇದ್ದದ್ದು ಸರಿ. ಬರೆದು ಸಹಿ ಹಾಕಿದೆ.

ಇಷ್ಟಾದರೂ ಕಂಪನಿಯವರು ಕ್ಯಾಪ್ಟನ್ನರನ್ನು ಕೆಲಸದಿಂದ ತೆಗೆದರು. ಬಸ್ ಸ್ಟ್ಯಾಂಡಿಗೆ ಅವರ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಬೈಯಲಿಲ್ಲ. ಪೀಪಾಯಿಯನ್ನು ಎಂದೂ ನೆಟ್ಟಗೆ ನಿಲ್ಲಿಸಬಾರದು, ಅಡ್ಡ ಮಲಗಿಸಬೇಕು, ಆಗ ಮೇಲೆ ನೀರು ನಿಲ್ಲುವುದಿಲ್ಲ, ನಿಂತರೆ ಬಿಗಿದ ಬಿರಡೆಯ ಸಂದಿನಿಂದಲೂ ಒಳಗಿಳಿಯುತ್ತದೆ ಎಂದು ತಿಳಿಸಿ ಹೇಳಿ ಬಸ್ಸು ಹತ್ತಿದರು.

ಇಲ್ಲಿ ಊಟಕ್ಕೆ ತೊಂದರೆಯಿಲ್ಲ. ಆದರೆ ಈ ಊರಲ್ಲೂ ಬಹಳ ದಿನ ನಿಲ್ಲುತ್ತೇನೆ ಅನ್ನಿಸುವುದಿಲ್ಲ. ಅತ್ತೆ ಮಾವಂದಿರಿಗೆ, ಭಾವನವರಿಗೆ ಶರಣು ಹೇಳು. ಕೂಸಿಗೆ ಬಸವಣ್ಣ ಒಳ್ಳೆಯದು ಮಾಡಲಿ.

ನಿನ್ನ ತಮ್ಮ,
ದೌಲತರಾಯ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಆ ಹಾಳೆಯ ಮೇಲೆ ನನಗಿಂತ ಮೊದಲು ಸಾಕ್ಷಿಯೆಂದು ಸಹಿ ಹಾಕಿದವನು ಅಪ್ಪ. ನೀನು ಪಾಟಿಯ ಮೇಲೆ ತಿದ್ದಿಸಿ ಕಲಿಸಿದೆಯಲ್ಲ, 'ಹುಲೆಪ್ಪ', ಅದೇ ಸಹಿ. ಪೀಪಾಯಿ ಮುಚ್ಚಿದ್ದನ್ನು ಕಣ್ಣಾರೆ ಕಂಡೆ ಎಂದು ಅದರಲ್ಲಿತ್ತು. ಅದನ್ನು ಕಂಡು, ಅಪ್ಪನ ಮಾತು ಸುಳ್ಳಾಗುತ್ತದೆಂದು ತಿಳಿದೇ ನಾನು ಕೆಳಗೆ ಬರೆದೆ. ಅವನು ಪಕ್ಕದಲ್ಲೇ ನಿಂತಿದ್ದ. "ಏನ್ ಬರದೀಲೇ?" ಎಂದು ಕೇಳಿದ. ಓದಿ ಹೇಳಿದೆ. ಆವತ್ತಿನಿಂದ ಅವನು ನನ್ನ ಜೊತೆ ಮಾತಾಡಿಲ್ಲ. ಅವನಿಗೆ ಕಾಗದ ಬರೆಯಬೇಡ, ಓದಿ ಹೇಳಲು ಮನೆಯಲ್ಲೀಗ ಯಾರೂ ಇಲ್ಲ. ನೀನೇ ಒಮ್ಮೆ ಹೋಗಿ ಬಾ.